ಸಣ್ಣ ಕೋಣೆಯ ಕಥೆ ಬರೆದವಳು ನಾನೇ

ಭದ್ರಾವತಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಐದೇ ನಿಮಿಷಕ್ಕೆ ನನ್ನ ಮಗಳು ವಾಂತಿ ಮಾಡಿದಳು. ಬಿಜಾಪುರದಿಂದ ಇಡೀ ದಿನ ಕುಲುಕಿದ ಬಸ್ಸಿನಲ್ಲಿ ಒಮ್ಮೆಯೂ ಓಕರಿಸದೆ ಬಂದವಳು ನೆಲಕ್ಕೆ ಕಾಲಿಟ್ಟು ಒಮ್ಮೆ ಉಸಿರೆಳೆದುಕೊಂಡಳು, ಅಷ್ಟೇ. ತಪ್ಪು ಅವಳದಲ್ಲ. ಕೊಳೆತ ಮೊಟ್ಟೆಯನ್ನೂ ಬೆಂದು ಹಳಸಿದ ಕೋಸನ್ನೂ ಕಲಸಿ ಇಟ್ಟಂಥ ನಾತ ಊರಿನ ಮೇಲೆಲ್ಲ ಕವಿದಿತ್ತು. ಸೆರಗು ಮೂಗಿಗೆ ಒತ್ತಿಕೊಂಡ ನನ್ನನ್ನು ನೋಡಿ ಆಟೋದವರೊಬ್ಬರು ನಕ್ಕು, ಅದು ಕಾಗದ ಮಾಡುವ ವಾಸನೆ, ಎಂಟು ದಿನ ಕಳೆದರೆ ಮೂಗಿಗೆ ಗೊತ್ತೇ ಆಗುವುದಿಲ್ಲ ಎಂದು ಸಮಾಧಾನ ಹೇಳಿದರು.

ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಮಗಳು ತನ್ನ ವಾಂತಿಯ ಪಕ್ಕದಲ್ಲೇ ಕುಕ್ಕರಿಸಿ, ಎರಡೂ ಕಿವಿಗೆ ಅಂಗೈ ಒತ್ತಿಕೊಂಡು ಕಿರುಚತೊಡಗಿದಳು. ಸೈರನ್ ನಿಂತರೂ ಅವಳು ನಿಲ್ಲಲಿಲ್ಲ. ಜನ ಸುತ್ತುಗಟ್ಟಿದರು. ಎಲೆ ಅಡಿಕೆ ಜಗಿಯುತ್ತಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, "ಏನಾಗಿದೆ ಮಾರಾಯ್ತಿ ಈ ಮಗೂಗೆ? ಗಾಳಿ ಗೀಳಿ ಸೋಕಿದೆಯಾ?" ಎಂದಳು. ನನ್ನ ಮಗಳ ಬಗ್ಗೆ ಹೊಸ ಊರು ಆಡಿದ ಮೊದಲ ಮಾತು ಅದು. ಮಾರಾಯ್ತಿ ಎಂಬುದು ಇಲ್ಲಿ ಸಲುಗೆಯ ಕರೆ. ನಮ್ಮ ಕಡೆ ಹೆಂಗಸರು ಒಬ್ಬರನ್ನೊಬ್ಬರು 'ಯವ್ವಾ' ಎನ್ನುವ ಹಾಗೆ. ಆಗ ಗೊತ್ತಿರಲಿಲ್ಲ. ಬೈಗುಳವೆಂದೇ ತಿಳಿದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕಿತ್ತು. ಮಗಳಿಗೆ ಆಗ ನಾಲ್ಕೂವರೆ ವರ್ಷ. ಅತ್ತೆಯ ಹೆಸರನ್ನೇ ಅವಳಿಗಿಟ್ಟಿದ್ದೆವು, ಶಾಂತಾ. ಕಿರುಚುವ ಮಗುವಿಗೆ ಆ ಹೆಸರು ಕೇಳಿ ನಗದವರು ಎರಡೂ ಊರಿನಲ್ಲಿ ನನಗೆ ಸಿಕ್ಕಿಲ್ಲ. ಪ್ರತಿಯೊಬ್ಬರೂ ಆ ನಗೆಚಾಟಿಕೆಯನ್ನು ತಾವೇ ಮೊದಲು ಕಂಡುಹಿಡಿದವರಂತೆ ಆಡುತ್ತಿದ್ದರು. ಶಾಂತಾ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ನಾವು ಆಡಿದ್ದನ್ನು ಗಿಳಿಯ ಹಾಗೆ ಮರಳಿ ಹೇಳುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿರಲಿಲ್ಲ. ನಮ್ಮೂರಿನಲ್ಲಿ ಹೊಟ್ಟೆಗೆ ಬರೆ ಇಡಿಸು ಎಂದು ಹಿರಿಯರು ಸಲಹೆ ಕೊಟ್ಟಿದ್ದರು. ಕಾದ ಕಬ್ಬಿಣದಿಂದ ಮಗುವಿನ ಚರ್ಮ ಸುಡುವುದನ್ನು ಅವರು ಎಣ್ಣೆ ನೀವುವ ಹಾಗೆ ಹೇಳುತ್ತಿದ್ದರು. ದೂರದ, ನಾಲ್ಕು ಜನ ಓದಿದವರಿರುವ ಊರಿಗೆ ಹೋಗುತ್ತಿದ್ದೇನೆಂದು ನಾನು ಒಳಗೊಳಗೇ ಹಿಗ್ಗಿದ್ದೆ. ಇಲ್ಲಿ ಬರೆಯ ಮಾತು ಯಾರೂ ಎತ್ತಲಿಲ್ಲ, ನಿಜ. ತಾಯಿತ ಕಟ್ಟಿಸು ಎಂದರು.

ಕಾರ್ಖಾನೆಯ ಮನೆ ಸಿಗುವತನಕ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಬಾಡಿಗೆಗೆ ಇದ್ದೆವು. ಮಾಲೀಕರು ಒಳ್ಳೆಯ ಸಂಬಳದ, ಒಳ್ಳೆಯ ಮಾತಿನ ಮನುಷ್ಯರು. ಮೂರನೇ ತಿಂಗಳು ಗೇಟಿನಲ್ಲಿ ನಿಲ್ಲಿಸಿ, ತಮ್ಮ ಸೊಸೆ ಬಸುರಿ, ಇಂಥ ಮಗುವಿನ ಮುಖ ದಿನಾ ಕಣ್ಣಿಗೆ ಬೀಳುವುದು ಒಳ್ಳೆಯದಲ್ಲ, ದಯವಿಟ್ಟು ಬೇರೆ ನೋಡಿಕೊಳ್ಳಿ ಎಂದರು. ಬಿಜಾಪುರದಲ್ಲಾಗಿದ್ದರೆ ಇದೇ ಮಾತನ್ನು ಏರುದನಿಯಲ್ಲಿ ಬೈದು ಹೇಳುತ್ತಿದ್ದರು, ನಾನೂ ಬೈದು ಹಗುರಾಗುತ್ತಿದ್ದೆ. ಇಲ್ಲಿ ಕೈಮುಗಿದು ಹೇಳಿದ್ದರಿಂದ ಬೈಯಲೂ ಆಗಲಿಲ್ಲ. ಆ ಕೈಮುಗಿತ ನೆನೆದರೆ ಇವತ್ತಿಗೂ ಓಕರಿಕೆ ಬರುತ್ತದೆ.

ಆಮೇಲೆ ಸಿಕ್ಕಿದ್ದು ಭದ್ರಾವತಿಯ ಶೀಟಿನ ಮನೆ, ಸಾಲಾಗಿ ಕಟ್ಟಿದ ಎರಡು ಕೋಣೆಯ ಕ್ವಾರ್ಟರ್ಸ್. ಗೋಡೆಯಾಚೆ ತಮಿಳು, ಅದರಾಚೆ ತೆಲುಗು. ನನ್ನ ಕನ್ನಡ ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಉಳ್ಳಾಗಡ್ಡಿ, ಅಂದರೆ ಇಲ್ಲಿಯ ಈರುಳ್ಳಿ, ಕೇಳಿದರೆ ಅಂಗಡಿಯವನು ಬೆಳ್ಳುಳ್ಳಿ ತೂಗಿದ. ಜೋಳದ ಹಿಟ್ಟು ಕೇಳಿದಾಗ ಮುಸುಕಿನ ಜೋಳದ್ದು ಕೊಟ್ಟ. ಶಾಂತಾ ಬಿಳಿಜೋಳದ ರೊಟ್ಟಿ ಬಿಟ್ಟರೆ ಬೇರೇನನ್ನೂ ಬಾಯಿಗಿಡುತ್ತಿರಲಿಲ್ಲ. ಅನ್ನ ಕಂಡರೆ ತಟ್ಟೆ ಎಸೆಯುತ್ತಿದ್ದಳು. ಅವ್ವ ಊರಿನಿಂದ ಬಸ್ಸಿಗೆ ಹಾಕಿ ಕಳಿಸುತ್ತಿದ್ದ ಹಿಟ್ಟಿನ ಮೇಲೆ ನನ್ನ ಮಗಳು ಬದುಕಿದಳು. ಪಕ್ಕದ ಮನೆಯ ಸೆಲ್ವಿ ಒಬ್ಬಳೇ, ಮಗು ಯಾಕೆ ಹೀಗೆ ಎಂದು ಕೇಳದೆ, ಎಷ್ಟು ಹೊತ್ತಿಗೆ ಕಿರುಚುತ್ತಾಳೆ ಎಂದು ಕೇಳಿದವಳು. ಆ ಹೊತ್ತಿಗೆ ಸರಿಯಾಗಿ ತನ್ನ ಮನೆಯ ರೇಡಿಯೋ ಆರಿಸುತ್ತಿದ್ದಳು.

ಆಟಿಸಂ ಎಂಬ ಪದವನ್ನು ನನಗೆ ಮೊದಲು ಹೇಳಿದ್ದು ಶಿವಮೊಗ್ಗದ ಮಕ್ಕಳ ಡಾಕ್ಟರೊಬ್ಬರು. ಔಷಧಿ ಇಲ್ಲ, ಕಲಿಸಬೇಕು ಎಂದು ಹೇಳಿ ಅದೇ ಊರಿನ ನವುಲೆಯ ಒಂದು ವಿಳಾಸ ಬರೆದುಕೊಟ್ಟರು. ಅಲ್ಲಿ ವನಮಾಲಾ ಮೇಡಂ ಎಂಬವರು ತಮ್ಮ ಮನೆಯ ಹಾಲ್‌ನಲ್ಲಿ ಇಂಥ ಏಳೆಂಟು ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಐವತ್ತು ದಾಟಿದ, ನಗು ಕಡಿಮೆ ಇದ್ದ ಹೆಂಗಸು. ನಾನು ಅಳಲು ಸಿದ್ಧಳಾಗಿ ಕೂತಿದ್ದೆ. ಅವರು ಅದಕ್ಕೆ ಎಡೆಯೇ ಕೊಡಲಿಲ್ಲ. ಮಗು ಯಾವುದಕ್ಕೆ ಅತಿ ಹೆಚ್ಚು ಹೆದರುತ್ತದೆ ಎಂದು ಕೇಳಿದರು. ಸೈರನ್ ಎಂದೆ.

"ಅದು ಏನು, ಯಾಕೆ ಕೂಗುತ್ತೆ ಅಂತ ಅವಳಿಗೆ ಯಾರಾದ್ರೂ ಹೇಳಿದೀರಾ?"

ಅವಳಿಗೆ ಹೇಳಿದರೆ ಏನು ತಿಳಿಯುತ್ತದೆ ಎಂದೆ. ಹೇಳದೆ ಹೇಗೆ ತಿಳಿಯುತ್ತದೆ ಎಂದು ಅವರು ತಿರುಗಿ ಕೇಳಿದರು. ಆಮೇಲೆ ಒಂದು ನೋಟ್‌ಬುಕ್ ಕೊಟ್ಟು, ಸೈರನ್ನಿನ ಬಗ್ಗೆ ಮಗಳಿಗೊಂದು ಕಥೆ ಬರೆದು ತರಲು ಹೇಳಿದರು. ಪುಟಕ್ಕೊಂದೇ ವಾಕ್ಯ, ಪಕ್ಕದಲ್ಲಿ ಚಿತ್ರ. ಅವಳೇ ಹೇಳುತ್ತಿರುವ ಹಾಗೆ ಇರಬೇಕು.

ನಾನು ಉತ್ಸಾಹದಿಂದ ಬರೆದೆ. ಒಳ್ಳೆಯ ಹುಡುಗಿ ಕಿರುಚುವುದಿಲ್ಲ, ಕಿರುಚಿದರೆ ಅಮ್ಮನಿಗೆ ಬೇಸರವಾಗುತ್ತದೆ, ಎಲ್ಲರೂ ನೋಡಿ ನಗುತ್ತಾರೆ ಎಂದೆಲ್ಲ ಇತ್ತು ಅದರಲ್ಲಿ. ಮೇಡಂ ಓದಿ ಪುಸ್ತಕ ನನ್ನ ಮಡಿಲಿಗೆ ಹಾಕಿದರು. "ಇದು ಕಥೆ ಅಲ್ಲ, ಬೈಗುಳ. ಬುದ್ಧಿ ಹೇಳ್ಬೇಡಿ. ಏನಾಗುತ್ತೆ, ಯಾಕಾಗುತ್ತೆ ಅನ್ನೋದಷ್ಟೇ ಹೇಳಿ. ಪ್ರತಿ ಸಲ ಆಗದೇ ಇರೋದಕ್ಕೆ 'ಕೆಲವು ಸಲ' ಅಂತ ಬರೀರಿ. ಈ ಮಕ್ಕಳು ನೀವು ಬರೆದಿದ್ದನ್ನ ಇದ್ದ ಹಾಗೇ ನಂಬ್ತಾವೆ."

ಯಾವ ಕನ್ನಡದಲ್ಲಿ ಬರೆಯಲಿ ಎಂಬುದೂ ಒಂದು ಪ್ರಶ್ನೆಯಾಯಿತು. ಮನೆಯಲ್ಲಿ ನಾವು ಆಡುವುದು ಬಿಜಾಪುರದ ಮಾತು. ಪಾಠದಲ್ಲಿ, ಬೀದಿಯಲ್ಲಿ ಅವಳ ಕಿವಿಗೆ ಬೀಳುವುದೇ ಬೇರೆ. ಅವಳು ಬಾಳಬೇಕಾದದ್ದು ಇಲ್ಲಿ, ಇಲ್ಲಿಯದನ್ನೇ ಬರೆಯಿರಿ ಎಂದರು ಮೇಡಂ. ಹಾಗಾಗಿ ಪುಸ್ತಕದೊಳಗೆ ನಾನು ಅವ್ವ ಆಗಲಿಲ್ಲ, ಅಮ್ಮ ಆದೆ.

ಎರಡನೇ ಸಲ ಬರೆದದ್ದು ಹೀಗಿತ್ತು: ಕಾರ್ಖಾನೆಯಲ್ಲಿ ಸೈರನ್ ಇದೆ. ಸೈರನ್ ಕೂಗಿದರೆ ಕೆಲಸ ಶುರು. ಅಪ್ಪ ಕೆಲಸಕ್ಕೆ ಹೋಗುತ್ತಾರೆ. ಸದ್ದು ಜೋರಾಗಿರುತ್ತದೆ. ನಾನು ಕಿವಿ ಮುಚ್ಚಿಕೊಳ್ಳಬಹುದು. ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತದೆ.

ದಿನಕ್ಕೆ ಮೂರು ಸಲ, ಸೈರನ್ನಿಗೆ ಐದು ನಿಮಿಷ ಮೊದಲು, ಗಡಿಯಾರ ತೋರಿಸಿ ಓದಿದೆ. ಮೊದಲ ವಾರ ಪುಸ್ತಕ ಮೂಲೆಗೆ ಹಾರಿತು. ಮೂರನೇ ವಾರದ ಒಂದು ಮಧ್ಯಾಹ್ನ ಸೈರನ್ ಕೂಗಿದಾಗ ಶಾಂತಾ ಕಿವಿ ಮುಚ್ಚಿಕೊಂಡಳು, ಮೈ ನಡುಗಿಸಿದಳು, ಕಿರುಚಲಿಲ್ಲ. ಸದ್ದು ನಿಂತ ಮೇಲೆ ಕೈ ಇಳಿಸಿ, "ಕೆಲಸ ಶುರು" ಎಂದಳು. ಗೋಡೆಯಾಚೆಯಿಂದ ಸೆಲ್ವಿ ಓಡಿ ಬಂದಳು. ಕಿರುಚಾಟ ಕೇಳಿಸದೇ ಇದ್ದುದರಿಂದ ಗಾಬರಿಯಾಗಿತ್ತಂತೆ ಅವಳಿಗೆ.

ಆಮೇಲೆ ಬಸ್ಸಿನ ಕಥೆ ಬರೆದೆ. ಬಸ್ಸು ನಿಂತರೆ ಮತ್ತೆ ಹೊರಡುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಪ್ರತಿ ಸ್ಟಾಪಿನಲ್ಲೂ ಲೋಕ ಮುಗಿದುಹೋದ ಹಾಗೆ ಒದ್ದಾಡುತ್ತಿದ್ದಳು. ಆ ಕಥೆಯಾದ ಮೇಲೆ ಭದ್ರಾವತಿಯಿಂದ ಶಿವಮೊಗ್ಗದವರೆಗೆ ಅವಳು ಕಿಟಕಿ ಪಕ್ಕ ಕೂತು ಬರುವಂತಾಯಿತು. ಉಗುರು ಕತ್ತರಿಸುವುದಕ್ಕೆ, ತಲೆಗೆ ನೀರು ಹಾಕುವುದಕ್ಕೆ, ಅನ್ನ ಮುಟ್ಟಿ ನೋಡುವುದಕ್ಕೆ, ಎಲ್ಲದಕ್ಕೂ ಒಂದೊಂದು ಪುಸ್ತಕವಾಯಿತು. ನನಗೆ ಸ್ವಲ್ಪ ಸೊಕ್ಕೂ ಬಂತು.

ಆರನೇ ವಯಸ್ಸಿಗೆ ಅವಳನ್ನು ಮನೆ ಹತ್ತಿರದ ಒಂದು ಖಾಸಗಿ ಶಾಲೆಗೆ ಸೇರಿಸಿದೆವು. ಬೇರೆ ಎರಡು ಶಾಲೆಯವರು ಆಗಲೇ ಬೇಡವೆಂದಿದ್ದರು. ಇಲ್ಲಿನ ಹೆಡ್‌ಮಿಸ್ ಒಪ್ಪಿಕೊಂಡಿದ್ದಕ್ಕೆ ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಮೆಲುದನಿ. ನನ್ನ ಕಥೆಪುಸ್ತಕಗಳನ್ನು ಕುತೂಹಲದಿಂದ ನೋಡಿದರು. ಅರ್ಧ ವರ್ಷ ಕಳೆದ ಮೇಲೆ ಒಂದು ದಿನ ಕರೆಸಿದರು. ಮುಂದಿನ ವಾರ ಶಾಲೆಯ ಇನ್‌ಸ್ಪೆಕ್ಷನ್ ಇದೆ, ಅಧಿಕಾರಿಗಳು ಬಂದಾಗ ಶಾಂತಾ ಎದ್ದು ಓಡಾಡಿದರೆ ತೊಂದರೆಯಾಗುತ್ತದೆ, ಆಫೀಸಿನ ಪಕ್ಕದ ಸಣ್ಣ ಕೋಣೆಯಲ್ಲಿ ಆಯಾಳ ಜೊತೆ ಕೂರಿಸುತ್ತೇವೆ, ಬಾಗಿಲು ತೆರೆದೇ ಇರುತ್ತದೆ, ಒಂದೇ ದಿನ, ಒಂದೇ ಗಂಟೆ. ಅವಳು ಗಾಬರಿಯಾಗದ ಹಾಗೆ ಒಂದು ಕಥೆ ಬರೆದುಕೊಡಿ ಎಂದರು.

ಅಂದು ಸಂಜೆಯೇ ಬರೆದೆ. ಶಾಲೆಯಲ್ಲಿ ಒಂದು ಸಣ್ಣ ಕೋಣೆ ಇದೆ. ಕೆಲವು ಸಲ ನಾನು ಸಣ್ಣ ಕೋಣೆಗೆ ಹೋಗುತ್ತೇನೆ. ಅಲ್ಲಿ ಸದ್ದು ಇಲ್ಲ. ನಾನು ಕುಳಿತುಕೊಳ್ಳುತ್ತೇನೆ. ಆಮೇಲೆ ಅಮ್ಮ ಬರುತ್ತಾಳೆ.

ಬೇರೆ ಕಥೆಗಳನ್ನೆಲ್ಲ ಮೇಡಂಗೆ ತೋರಿಸಿದ ಮೇಲೆಯೇ ಶಾಂತಾಗೆ ಓದುತ್ತಿದ್ದೆ. ಇದನ್ನು ತೋರಿಸಲಿಲ್ಲ. ನಮ್ಮವರು ಓದಿ ಚೆನ್ನಾಗಿದೆ ಎಂದರು.

ಇನ್‌ಸ್ಪೆಕ್ಷನ್ ಸುಸೂತ್ರವಾಗಿ ಮುಗಿಯಿತು. ಪುಸ್ತಕ ಶಾಲೆಯಲ್ಲೇ ಉಳಿಯಿತು, ನಾನು ಕೇಳಲಿಲ್ಲ. ಅದಾಗಿ ಕೆಲವು ದಿನಗಳಿಗೆ ಶಾಂತಾ ಬೆಳಿಗ್ಗೆ ನೀರು ಕುಡಿಯುವುದನ್ನು ಬಿಟ್ಟಳು. ಮನೆಗೆ ಬರುವಾಗ ಲಂಗ ಒದ್ದೆಯಾಗಿರುತ್ತಿತ್ತು. ಇಷ್ಟು ದೊಡ್ಡವಳಾಗಿ ಹೀಗೆ ಮಾಡಿಕೊಳ್ಳುತ್ತೀಯಾ ಎಂದು ಬೈದೆ. ಒಂದು ದಿನ ಹೊಡೆದೆ ಕೂಡ.

ಸುಮಾರು ಒಂದೂವರೆ ತಿಂಗಳಾದ ಮೇಲಿನ ಮಾತು. ವನಮಾಲಾ ಮೇಡಂ ಹೊಳೆಹೊನ್ನೂರಿನ ಮದುವೆಗೆ ಹೋಗಬೇಕಿದ್ದುದರಿಂದ ಶನಿವಾರದ ಪಾಠವನ್ನು ಬುಧವಾರಕ್ಕೆ ತಂದಿದ್ದರು. ಶಾಂತಾಳನ್ನು ಬೇಗ ಕರೆದುಕೊಂಡು ಹೋಗಲೆಂದು ಹನ್ನೊಂದು ಗಂಟೆಗೆ ಶಾಲೆಗೆ ಹೋದೆ. ತರಗತಿಯಲ್ಲಿ ಅವಳಿರಲಿಲ್ಲ. ಟೀಚರ್ ನನ್ನ ಮುಖ ನೋಡದೆ ಆಫೀಸಿನ ಕಡೆ ಕೈ ತೋರಿಸಿದಳು. ಆಫೀಸಿನ ಪಕ್ಕದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಒಳಗಿನಿಂದ ನನ್ನದೇ ದನಿ ಕೇಳಿಸುತ್ತಿತ್ತು. ನಾನು ಓದುವ ಹಾಗೆಯೇ, ನಾನು ಎಲ್ಲಿ ನಿಲ್ಲಿಸುತ್ತೇನೋ ಅಲ್ಲೇ ನಿಲ್ಲಿಸಿ, ನನ್ನ ಮಗಳು ಹೇಳುತ್ತಿದ್ದಳು: "ಅಲ್ಲಿ ಸದ್ದು ಇಲ್ಲ. ನಾನು ಕುಳಿತುಕೊಳ್ಳುತ್ತೇನೆ. ಆಮೇಲೆ ಅಮ್ಮ ಬರುತ್ತಾಳೆ." ಮುಗಿದ ಕೂಡಲೇ ಮತ್ತೆ ಮೊದಲಿನಿಂದ.

ಚಿಲಕ ತೆಗೆದೆ. ಮುರಿದ ಬೆಂಚು, ಸುಣ್ಣದ ಚೀಲ, ಇಲಿ ಹಿಕ್ಕೆ. ಉಚ್ಚೆಯ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು, ಒಂದು ದಿನದ್ದಲ್ಲ. ಅದರ ಮಧ್ಯೆ ಅವಳು ಕೈಕಟ್ಟಿ ಕೂತಿದ್ದಳು. ನನ್ನನ್ನು ಕಂಡು ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. "ಅಮ್ಮ ಬರುತ್ತಾಳೆ" ಎಂದು ಹೇಳಿ ಎದ್ದು ನಿಂತಳು, ಕಥೆ ಕೊನೆಗೊಂಡಿತೆಂಬಂತೆ. ಅಲ್ಲೇ ಗೋಡೆ ಹಿಡಿದುಕೊಂಡು ನಾನು ವಾಂತಿ ಮಾಡಿದೆ.

ಹೆಡ್‌ಮಿಸ್ ಮೇಜಿನ ಮುಂದೆ ಹೋಗಿ ನಿಂತು, ಯಾಕೆ ಮಗುವನ್ನು ಕೂಡಿಹಾಕಿದಿರಿ ಎಂದು ಕೇಳಿದೆ. ಅವರಿಗೆ ನಾಚಿಕೆಯಾಗಬಹುದು ಎಂದುಕೊಂಡಿದ್ದೆ.

"ಕೂಡಿಹಾಕೋದೇನು ಬಂತು? ಪುಸ್ತಕ ತೋರಿಸಿದ್ರೆ ಸಾಕು, ಅವಳೇ ಎದ್ದು ಹೋಗ್ತಾಳೆ. ನೀವೇ ತಾನೇ ಬರ್ಕೊಟ್ಟಿದ್ದು? ತುಂಬ ಚೆನ್ನಾಗಿ ಕೆಲ್ಸ ಮಾಡ್ತಾ ಇದೆ. ಕ್ಲಾಸಲ್ಲಿ ಬೇರೆ ಮಕ್ಕಳಿಗೂ ಎಷ್ಟು ಅನುಕೂಲ ಆಗಿದೆ ಗೊತ್ತಾ?"

ದಿನಾ ಎಷ್ಟು ಹೊತ್ತು ಎಂದು ಕೇಳಿದ್ದಕ್ಕೆ, ಅವಳು ಸುಮ್ಮನೆ ಕೂರುವಷ್ಟು ಹೊತ್ತು ಎಂದರು. ಮೆಲುದನಿ ಒಂದಿಷ್ಟೂ ಏರಲಿಲ್ಲ. ನನ್ನ ಬಾಯಲ್ಲಿ ಬಿಜಾಪುರದ ಬೈಗುಳ ಎಷ್ಟಿದ್ದವೋ ಅಷ್ಟೂ ಬಂದವು. ಅವರಿಗೆ ಅರ್ಧ ಅರ್ಥವಾಗಿರಲಿಕ್ಕಿಲ್ಲ. ಮೇಜಿನ ಮೇಲಿದ್ದ ನನ್ನ ಪುಸ್ತಕವನ್ನು ಕಿತ್ತುಕೊಂಡು ಮಗಳನ್ನು ಕರೆದುಕೊಂಡು ಹೊರಬಂದೆ. ಆ ಹೆಂಗಸಿನ ಮೇಲೆ ಬಂದ ಹೇಸಿಗೆ ಬಸ್ ಸ್ಟ್ಯಾಂಡ್ ತಲಪುವ ತನಕ ಮಾತ್ರ ಉಳಿಯಿತು. ಅಲ್ಲಿಂದಾಚೆ ಅದು ನನ್ನ ಕಡೆಗೇ ತಿರುಗಿತು. ಬರೆ ಇಡಿಸಿ ಎಂದವರನ್ನು ನಾನು ಕ್ರೂರಿಗಳೆಂದು ಕರೆದಿದ್ದೆ. ಬರೆ ಇಡಲು ಮಗುವನ್ನು ನಾಲ್ಕು ಜನ ಹಿಡಿದುಕೊಳ್ಳಬೇಕಾಗುತ್ತಿತ್ತು. ನನ್ನ ಕೆಲಸದಲ್ಲಿ ಹಿಡಿದುಕೊಳ್ಳಲೂ ಯಾರೂ ಬೇಕಾಗಲಿಲ್ಲ. ನನ್ನ ಮಗಳು ತಾನಾಗಿ ನಡೆದು ಹೋಗಿ ಕೂತಿದ್ದಳು.

ನವುಲೆಯಲ್ಲಿ ವನಮಾಲಾ ಮೇಡಂ ಐದು ಪುಟವನ್ನೂ ಓದಿದರು. ಇದನ್ನು ಯಾಕೆ ತೋರಿಸಲಿಲ್ಲ ಎಂದು ಕೇಳಿದರು. ನೀವು ಬೇಡ ಅನ್ನುತ್ತೀರೆಂದು ಎಂದೆ.

"ಹಾಗಿದ್ರೆ ನಿಮಗೆ ಗೊತ್ತಿತ್ತು" ಎಂದರು.

ಕಥೆ ಬರೆಯುವ ಮೊದಲು ಅದು ಯಾರ ಅನುಕೂಲಕ್ಕೆ ಎಂದು ಕೇಳಿಕೊಳ್ಳಬೇಕು, ಮಗುವಿಗೋ ಸುತ್ತಲಿನವರಿಗೋ ಎಂದರು. ಈಗ ಇನ್ನೊಂದು ಕಥೆ ಬರೆಯಿರಿ, ತಪ್ಪಾಯಿತೆಂದು ಅದರಲ್ಲೇ ಹೇಳಿ ಎಂದೂ ಹೇಳಿದರು.

ಸಂಜೆ ಮನೆಯಲ್ಲಿ ನಮ್ಮವರು ಆ ಪುಸ್ತಕವನ್ನು ಇನ್ನೊಮ್ಮೆ ಪುಟ ತಿರುವಿ ಓದಿದರು. ಆಮೇಲೆ, "ನಾನೂ ಓದಿದ್ನಲ್ಲ ಅದನ್ನ. ನನಗೂ ಛಲೋ ಅನಿಸಿತ್ತು. ನಿನ್ನೊಬ್ಬಾಕಿ ತಪ್ಪಲ್ಲ ಅದು" ಎಂದರು. ನನಗೆ ಸಮಾಧಾನವಾಗಲಿಲ್ಲ, ಆದರೆ ಅವರು ಹಾಗೆ ಹೇಳದೇ ಹೋಗಿದ್ದರೆ ನಾನು ಅವರ ಮುಖ ನೋಡುತ್ತಿರಲಿಲ್ಲ.

ಶಾಂತಾಗೆ ಪುಸ್ತಕವೆಂದರೆ ಪುಸ್ತಕ, ಅದರಲ್ಲಿ ಅಳಿಸುವುದಿಲ್ಲ, ತಿದ್ದುವುದಿಲ್ಲ. ಮನೆಗೆ ಯಾರಾದರೂ ಬಂದರೆ ತಾನೇ ಎದ್ದು ಸೌದೆ ಇಡುವ ಗೂಡಿಗೆ ಹೋಗಿ ಕೂರತೊಡಗಿದ್ದಳು. ಅವಳ ಎದುರಿಗೇ ಆ ಐದೂ ಪುಟಗಳ ಮೇಲೆ ಕೆಂಪು ಪೆನ್ನಿನಿಂದ ಗೀಟು ಎಳೆದೆ. ಎರಡು ದಿನ ಕಿರುಚಿದಳು, ನನ್ನ ಕೈ ಕಚ್ಚಿದಳು. ನಾನು ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಹೊಸ ಪುಸ್ತಕ ಓದಿದೆ. ಸಣ್ಣ ಕೋಣೆಯ ಕಥೆಯಲ್ಲಿ ಅಮ್ಮ ತಪ್ಪು ಬರೆದಿದ್ದಳು. ಬಾಗಿಲು ಹಾಕಿದ್ದು ತಪ್ಪು. ನನಗೆ ಇಷ್ಟವಿಲ್ಲದಿದ್ದರೆ ನಾನು ಬೇಡ ಎನ್ನಬಹುದು. ಬೇಡ ಎಂದರೆ ಅಮ್ಮ ಕೇಳಿಸಿಕೊಳ್ಳುತ್ತಾಳೆ.

ಕೊನೆಯ ವಾಕ್ಯದ ಮೇಲೆ ಮೇಡಂ ಬೆರಳಿಟ್ಟು, ನಿಜವಾಗಿ ಕೇಳಿಸಿಕೊಳ್ಳುತ್ತೀರಾ, ಇಲ್ಲದಿದ್ದರೆ ಬರೆಯಬೇಡಿ ಎಂದಿದ್ದರು. ಅದರ ಬೆಲೆ ಆಮೇಲೆ ತಿಳಿಯಿತು. ಸ್ನಾನ ಬೇಡ, ಜಡೆ ಬೇಡ, ರೊಟ್ಟಿ ಬೇಡ, ಚಪ್ಪಲಿ ಬೇಡ. ತಿಂಗಳೊಪ್ಪತ್ತು ನಮ್ಮ ಮನೆಯಲ್ಲಿ ಆ ಒಂದೇ ಪದ. ಕೆದರಿದ ತಲೆಯ ಮಗಳನ್ನು ಕರೆದುಕೊಂಡು ಸೊಸೈಟಿಗೆ ಹೋದರೆ ಸಾಲಿನಲ್ಲಿದ್ದವರು, ತಾಯಿಗಾದರೂ ಬುದ್ಧಿ ಬೇಡವೇ ಎಂದು ಮೂಗು ಮುರಿದರು. ಮುರಿಯಲಿ ಎಂದು ಬಿಟ್ಟೆ. ಆ ಶಾಲೆ ಇಂದಿಗೂ ನಡೆಯುತ್ತಿದೆ, ಹೆಡ್‌ಮಿಸ್‌ಗೆ ಊರಿನಲ್ಲಿ ಒಳ್ಳೆಯ ಹೆಸರಿದೆ. ದೂರು ಕೊಡಲು ಹೋದಾಗ ಶಿಕ್ಷಣ ಇಲಾಖೆಯ ಆಫೀಸಿನವರು, ನೀವೇ ಬರೆದುಕೊಟ್ಟಿದ್ದೀರಲ್ಲ ಎಂದು ಅದೇ ಮಾತು ಹೇಳಿ ಕಳಿಸಿದರು. ಶಾಂತಾ ಮುಂದೆ ಸರ್ಕಾರಿ ಶಾಲೆಗೆ ಹೋದಳು. ಅಲ್ಲಿನ ಟೀಚರ್‌ಗೆ ಆಟಿಸಂ ಎಂದರೆ ಏನೂ ಗೊತ್ತಿರಲಿಲ್ಲ. ಬಾಗಿಲ ಪಕ್ಕ ಕೂತರೆ ಅವಳಿಗೆ ಹಾಯೆನಿಸುತ್ತದೆ ಎಂದಿದ್ದಕ್ಕೆ, ಕೂರಲಿ ಬಿಡಿ, ಗಾಳಿಯೂ ಬರುತ್ತದೆ ಎಂದರು.

ಅವಳಿಗೆ ಎಂಟು ತುಂಬಿದಾಗ ತಮ್ಮನ ನಿಶ್ಚಿತಾರ್ಥಕ್ಕೆ ಬಿಜಾಪುರಕ್ಕೆ ಹೋದೆವು. ಒಣ ಬಿಸಿಲು ಮುಖಕ್ಕೆ ತಾಗಿದ ಕೂಡಲೇ ನನ್ನ ಮೈ ಸಡಿಲವಾಯಿತು. ಯಾರಿಗೂ ಎರಡನೇ ಸಲ ಬಿಡಿಸಿ ಹೇಳದೆ ಮಾತಾಡುವ ಸುಖ ಎಂಥದು ಎಂದು ಮರೆತೇಹೋಗಿತ್ತು. ಅವ್ವ ಶಾಂತಾಗೆಂದೇ ಬಿಳಿಜೋಳದ ರೊಟ್ಟಿ ತಟ್ಟಿದ್ದಳು. ಹೆಣ್ಣಿನ ಕಡೆಯವರು ಬರುವ ಹೊತ್ತಾದಾಗ ಅವ್ವನೇ ಒಂದು ತಟ್ಟೆಯಲ್ಲಿ ಶೇಂಗಾ ಹೋಳಿಗೆ ಇಟ್ಟುಕೊಂಡು ಬಂದು, ಮಗುವಿನ ತಲೆ ಸವರಿ, ನನ್ನ ಕಿವಿಯಲ್ಲಿ ಹೇಳಿದಳು. "ಮ್ಯಾಲಿನ ಖೋಲ್ಯಾಗ ಕುಂದರಸು ಆಕೀನ. ಒಂದ ತಾಸಿನ ಮಾತು."

ನಾನು ಬಾಯಿ ತೆರೆಯುವ ಮೊದಲೇ ಶಾಂತಾ, "ಬೇಡ. ನಾನು ಹೋಗಲ್ಲ" ಎಂದಳು.

ನಮ್ಮ ಕಡೆಯವರಂತೆ 'ಹೋಗಂಗಿಲ್ಲ' ಎನ್ನದ ಆ 'ಹೋಗಲ್ಲ' ಕೇಳಿ ಅತ್ತಿಗೆ, ಕೂಸು ಸಿನಿಮಾದವರ ಹಾಗೆ ಮಾತಾಡುತ್ತದೆ ಎಂದು ನಕ್ಕಳು. ಅವ್ವ ನಗಲಿಲ್ಲ. ಅವಳು ಇಲ್ಲೇ ಕೂರುತ್ತಾಳೆ ಎಂದು ನಾನು ಹೇಳಿದಾಗ ತಟ್ಟೆ ಕೆಳಗಿಟ್ಟು, "ಆ ಊರಿಗೆ ಹೋಗಿ ನೀ ಭಾಳ ಕೆಟ್ಟಿ" ಎಂದಳು. ಮುದ್ದು ಮಾಡುವ ಕೈಯಿಂದಲೇ ಮರೆಮಾಡಲು ಹೊರಟವಳ ಮೇಲೆ ನನಗೆ ಬಂದ ಜಿಗುಪ್ಸೆಯನ್ನು ಇಲ್ಲಿ ಬರೆಯಬಾರದೇನೋ. ಅವಳು ನನ್ನ ಅವ್ವ. ನನ್ನ ಮಗಳಿಗೆ ವರ್ಷಗಟ್ಟಲೆ ಹಿಟ್ಟು ಕಳಿಸಿದವಳೂ ಅವಳೇ.

ಶಾಂತಾ ಜಮಖಾನದ ಮೇಲೆ ನನ್ನ ಪಕ್ಕ ಕೂತು ಬೆರಳು ಅಲ್ಲಾಡಿಸುತ್ತಿದ್ದಳು. ಬಂದವರಲ್ಲಿ ಒಬ್ಬ ಹೆಂಗಸು ಸೆರಗು ಸೋಕದಂತೆ ಅತ್ತ ಸರಿದಳು. ವಯಸ್ಸಾದ ಇನ್ನೊಬ್ಬರು ಮಾತ್ರ ಬಗ್ಗಿ, ನಿಮ್ಮೂರು ಯಾವುದವ್ವ ಎಂದು ಅವಳನ್ನೇ ಕೇಳಿದರು. ಸಾಮಾನ್ಯವಾಗಿ ಪ್ರಶ್ನೆಗೆ ಪ್ರಶ್ನೆಯನ್ನೇ ಮರಳಿ ಹೇಳುವವಳು ಅಂದು ಗೋಡೆ ನೋಡುತ್ತಾ, "ನಮ್ಮೂರು ಭದ್ರಾವತಿ" ಎಂದಳು. ಅದಕ್ಕೆ ನಾನು ಯಾವ ಕಥೆಯನ್ನೂ ಬರೆದುಕೊಟ್ಟಿರಲಿಲ್ಲ.

ಆ ಹಿರಿಯರು ಮೆಚ್ಚಿ ತಲೆಯಾಡಿಸಿ, ಮತ್ತೆ ನಿಮ್ಮದು ಎನ್ನುವಂತೆ ನನ್ನ ಕಡೆ ನೋಡಿದರು. ನಾನು ಹುಟ್ಟಿದ ಮನೆ ಅದು. ನಡುಮನೆಯಲ್ಲಿ ಕೂತಿದ್ದೆ. ಅವ್ವ ಬಾಗಿಲಲ್ಲಿ ನಿಂತು ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಳು. ಬಾಯಿಗೆ ಎರಡೂ ಊರಿನ ಹೆಸರು ಬರಲಿಲ್ಲ. ನಾನು ಆಕಿ ತಾಯಿ ರೀ ಎಂದಷ್ಟೇ ಹೇಳಿದೆ.